ಆಲ್ಬ್ರೆಕ್ಟ್ ಫಾನ್ ಗ್ರೇಫೆ

ಆಲ್ಬ್ರೆಕ್ಟ್ ಫಾನ್ ಗ್ರೇಫೆ (ಮೇ ೨೨, ೧೮೨೮ – ಜುಲೈ ೨೦, ೧೮೭೦) ಜರ್ಮನಿಯ ಪ್ರಖ್ಯಾತ ನೇತ್ರವೈದ್ಯರು. ಶಸ್ತ್ರವೈದ್ಯದ ಒಂದು ಉಪಶಾಖೆಯಾಗಿದ್ದ ನೇತ್ರವೈದ್ಯವನ್ನು ಸ್ವತಂತ್ರ ವಿಜ್ಞಾನವನ್ನಾಗಿ ರೂಪಿಸಿದವರಲ್ಲಿ ಇವರು ಅಗ್ರಗಣ್ಯರು. ಗ್ಲಾಕೋಮಾ ರೋಗಕ್ಕೆ ಮೊದಲ ಬಾರಿಗೆ ಫಲಕಾರಿಯಾದ ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿದದ್ದು, ಕಣ್ಣಿನ ಪೊರೆ ತೆಗೆಯುವ ವಿಧಾನವನ್ನು ಸುಧಾರಿಸಿದ್ದು, ನೇತ್ರದರ್ಶಕವನ್ನು ದಿನನಿತ್ಯದ ಪರೀಕ್ಷೆಗೆ ಅಳವಡಿಸಿದ್ದು ಇವರ ಮುಖ್ಯ ಸಾಧನೆಗಳು. ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಆಟ್ರೋಪಿನ್ ಹನಿಗಳನ್ನು ಇವರು ಪರೀಕ್ಷೆಗೂ ಚಿಕಿತ್ಸೆಗೂ ವ್ಯವಸ್ಥಿತವಾಗಿ ಬಳಸಿದರು. ಅದೇ ಹನಿಯಿಂದ ಕೆಲವು ಕಣ್ಣುಗಳಿಗೆ ಒದಗಬಹುದಾದ ಅಪಾಯಕ್ಕೆ ಇಂದಿಗೂ ನೀಡುವ ಚಿಕಿತ್ಸೆಯ ಮೂಲ ಇವರ ಶಸ್ತ್ರಕ್ರಿಯೆಯಲ್ಲಿದೆ. ಕೇವಲ ೪೨ ವರ್ಷ ಬದುಕಿದ ಇವರು ವೃತ್ತಿಯಲ್ಲಿದ್ದುದು ಸುಮಾರು ಇಪ್ಪತ್ತು ವರ್ಷ ಮಾತ್ರ.

ಜನನ ಮತ್ತು ಮನೆತನ

ಆಲ್ಬ್ರೆಕ್ಟ್ ಅವರು ೧೮೨೮ರ ಮೇ ೨೨ರಂದು ಪ್ರಷ್ಯದ ರಾಜಧಾನಿ ಬರ್ಲಿನ್‌ನಲ್ಲಿ ಜನಿಸಿದರು. ತಂದೆ ಕಾರ್ಲ್ ಫರ್ಡಿನೆಂಡ್ ಫಾನ್ ಗ್ರೇಫೆ (೧೭೮೭–೧೮೪೦) ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರಾಗಿದ್ದರು. ಕಳೆದುಹೋದ ಮೂಗನ್ನು ಮರಳಿ ಕಟ್ಟುವ ಶಸ್ತ್ರಕ್ರಿಯೆಯ ಬಗ್ಗೆ ಅವರು ೧೮೧೮ರಲ್ಲಿ ಬರೆದ ಗ್ರಂಥ ಯುರೋಪಿನಲ್ಲಿ ಹೆಸರಾಯಿತು.

ಈ ಗ್ರಂಥಕ್ಕೂ ಭಾರತಕ್ಕೂ ಒಂದು ನಂಟಿದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನು ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡಿದ್ದನು. ತರುವಾಯ ಪುಣೆಯ ಕಡೆಯ ಸ್ಥಳೀಯ ಶಸ್ತ್ರಕಾರನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ೧೭೯೪ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾದ ಈ ವರದಿ ಪಾಶ್ಚಾತ್ಯ ಶಸ್ತ್ರವೈದ್ಯರ ಕುತೂಹಲ ಕೆರಳಿಸಿತು. ಕಾರ್ಲ್ ಫರ್ಡಿನೆಂಡ್ ಅವರು ತಮ್ಮ ಗ್ರಂಥದಲ್ಲಿ ಭಾರತೀಯ ವಿಧಾನವನ್ನೂ ವಿವರಿಸಿದ್ದಾರೆ.

ಹ್ಯಾನೋವರಿನ ಯುವರಾಜನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಕರೆಬಂದು ಅಲ್ಲಿಗೆ ತೆರಳಿದ ಕಾರ್ಲ್ ಫರ್ಡಿನೆಂಡ್ ೧೮೪೦ರ ಜುಲೈ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಆಲ್ಬ್ರೆಕ್ಟ್‌ಗೆ ಹನ್ನೆರಡು ವರ್ಷ. ಆ ಯುವರಾಜನು ಮುಂದೆ ಐದನೆಯ ಜಾರ್ಜ್ ಎಂಬ ಹೆಸರಿನಿಂದ ಹ್ಯಾನೋವರಿನ ಸಿಂಹಾಸನವನ್ನೇರಿದನಾದರೂ ಅವನಿಗೆ ದೃಷ್ಟಿ ಮರಳಲಿಲ್ಲ.

ವಿದ್ಯಾಭ್ಯಾಸ

ಆಲ್ಬ್ರೆಕ್ಟ್ ಬರ್ಲಿನ್‌ನ ಫ್ರೆಂಚ್ ಶಾಲೆಯಲ್ಲಿ ಓದಿದರು. ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಅವರಿಗೆ ವಿಶೇಷ ಒಲವಿತ್ತು. ಹದಿಹರೆಯದಲ್ಲಿಯೇ ವಿಶ್ವವಿದ್ಯಾಲಯವನ್ನು ಸೇರಿ, ಶರೀರಕ್ರಿಯಾಶಾಸ್ತ್ರಜ್ಞ ಯೊಹಾನಸ್ ಮ್ಯೂಲರ್ ಮೊದಲಾದವರಿಂದ ಪಾಠ ಹೇಳಿಸಿಕೊಂಡರು. ೧೮೪೭ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ವೈದ್ಯಕೀಯ ಪದವಿ ಪಡೆದರು.

ಮುಂದೆ ಯುರೋಪಿನ ದೊಡ್ಡ ಊರುಗಳಲ್ಲಿ ವ್ಯಾಸಂಗ ಪ್ರವಾಸ ಕೈಗೊಂಡರು. ಪ್ರಾಗ್ ನಗರದಲ್ಲಿ ಫರ್ಡಿನೆಂಡ್ ಆರ್ಲ್ಟ್ ಅವರ ಸಹವಾಸ ದೊರೆತದ್ದು ಅವರ ಬಾಳಿನ ತಿರುವಾಯಿತು. ನೇತ್ರವೈದ್ಯವೇ ತಮ್ಮ ಕ್ಷೇತ್ರವೆಂದು ಅವರು ನಿಶ್ಚಯಿಸಿದ್ದು ಅಲ್ಲಿ. ಪ್ಯಾರಿಸ್ಸಿನಲ್ಲಿ ಸೀಷೆಲ್ ಮತ್ತು ದೆಮಾರ್, ವಿಯೆನ್ನಾದಲ್ಲಿ ಯೇಗರ್ ತಂದೆ-ಮಕ್ಕಳು, ಲಂಡನ್ನಿನಲ್ಲಿ ವಿಲಿಯಂ ಬೌಮನ್ ಮತ್ತು ಜಾರ್ಜ್ ಕ್ರಿಚೆಟ್ ಅವರ ಕೆಲಸವನ್ನು ಸಮೀಪದಿಂದ ಕಂಡರು. ಲಂಡನ್ನಿನಲ್ಲಿ ಡಚ್ ವಿಜ್ಞಾನಿ ಫ್ರಾನ್ಸಿಸ್ಕಸ್ ಡಾಂಡರ್ಸ್ ಅವರ ಭೇಟಿಯಾಯಿತು. ಈ ಸ್ನೇಹ ಕೊನೆಯವರೆಗೂ ಉಳಿಯಿತು.

ಬರ್ಲಿನ್‌ನ ಕಣ್ಣಾಸ್ಪತ್ರೆ

ಬರ್ಲಿನ್‌ಗೆ ಹಿಂದಿರುಗಿದ ಗ್ರೇಫೆ ೧೮೫೧ರಲ್ಲಿ ಕಣ್ಣಿನ ಚಿಕಿತ್ಸೆಯನ್ನು ಆರಂಭಿಸಿದರು. ಸಣ್ಣದಾಗಿ ಮೊದಲಾದ ಈ ಕಾರ್ಯ ಶೀಘ್ರದಲ್ಲಿಯೇ ಕಾರ್ಲ್ ಬೀದಿಯ ಖಾಸಗಿ ಆಸ್ಪತ್ರೆಯಾಗಿ ಬೆಳೆಯಿತು. ಬಡವರಿಗೆ ಅಲ್ಲಿ ಉಚಿತ ಚಿಕಿತ್ಸೆ ದೊರೆಯುತ್ತಿತ್ತು. ಪ್ರಷ್ಯದ ಹಳ್ಳಿಗಳಿಂದಷ್ಟೇ ಅಲ್ಲದೆ ಹೊರದೇಶಗಳಿಂದಲೂ ರೋಗಿಗಳು ಬರತೊಡಗಿದರು. ಅವರ ಜೊತೆಯಲ್ಲಿಯೇ ಕಲಿಯಬಯಸುವ ವೈದ್ಯರೂ ಬಂದರು. ಕಣ್ಣಿನ ಸ್ನಾಯುಗಳ ಕ್ರಿಯೆಯನ್ನು ಕುರಿತ ಪ್ರಬಂಧದ ಮೂಲಕ ೧೮೫೨ರಲ್ಲಿ ಅವರು ವಿಶ್ವವಿದ್ಯಾಲಯದಲ್ಲಿ ಬೋಧಿಸುವ ಅರ್ಹತೆ ಪಡೆದರು.

ಪಾಪೆ ಹಿಗ್ಗಿಸುವ ಔಷಧಿಗಳ ಹಿನ್ನೆಲೆ

ಗ್ರೇಫೆಯವರ ಕೆಲಸವನ್ನು ಅರಿಯಲು ಪಾಪೆ ಹಿಗ್ಗಿಸುವ ಔಷಧಿಗಳ ಹಿಂದಿನ ಕಥೆಯನ್ನು ತಿಳಿಯುವುದು ಅಗತ್ಯ. ಕಣ್ಣಿನ ಬಣ್ಣದ ಪೊರೆಯಾದ ಐರಿಸ್‌ನ ನಡುವೆ ಇರುವ ರಂಧ್ರವೇ ಪಾಪೆ. ಐರಿಸ್‌ನಲ್ಲಿ ಎರಡು ಬಗೆಯ ಸ್ನಾಯುಗಳಿವೆ. ಪಾಪೆಯ ಸುತ್ತ ಬಳೆಯಂತಿರುವ ಸ್ನಾಯು ಬಿಗಿದರೆ ಪಾಪೆ ಕಿರಿದಾಗುತ್ತದೆ. ಗಾಲಿಯ ಅರಗಳಂತೆ ಹರಡಿರುವ ಸ್ನಾಯು ಬಿಗಿದರೆ ಪಾಪೆ ಹಿರಿದಾಗುತ್ತದೆ. ಆಟ್ರೋಪಿನ್ ಎಂಬ ವಸ್ತು ಬಳೆಯಂತಹ ಸ್ನಾಯುವಿಗೆ ಬರುವ ನರಸಂದೇಶವನ್ನು ತಡೆಯುತ್ತದೆ. ಜೊತೆಗೆ ಹತ್ತಿರದ ವಸ್ತುವಿನ ಮೇಲೆ ದೃಷ್ಟಿ ನೆಲೆಗೊಳಿಸಲು ನೆರವಾಗುವ ಸಿಲಿಯರಿ ಸ್ನಾಯುವನ್ನೂ ಸಡಿಲಿಸುತ್ತದೆ. ಹನಿ ಹಾಕಿದ ಮೇಲೆ ಬೆಳಕು ಕಣ್ಣು ಕುಕ್ಕುವುದಕ್ಕೂ ಪುಸ್ತಕದ ಅಕ್ಷರ ಮಸುಕಾಗುವುದಕ್ಕೂ ಇವೇ ಕಾರಣ.

ಈ ಗುಣವುಳ್ಳ ಸಸ್ಯಗಳ ಪರಿಚಯ ಜನರಿಗೆ ಹಿಂದಿನಿಂದಲೂ ಇತ್ತು. ಇಟಲಿಯ ಸ್ತ್ರೀಯರು ಕಣ್ಣು ವಿಶಾಲವಾಗಿ ಕಾಣಲೆಂದು ಒಂದು ಗಿಡದ ರಸವನ್ನು ಬಿಟ್ಟುಕೊಳ್ಳುತ್ತಿದ್ದರೆಂದೂ ಅದರಿಂದ ಆ ಗಿಡಕ್ಕೆ ಸುಂದರಿ ಎಂಬ ಅರ್ಥದ ಬೆಲ್ಲಡೋನಾ ಎಂಬ ಹೆಸರು ಬಂದಿತೆಂದೂ ಹೇಳುವುದುಂಟು. ಅದೇ ಗಿಡದ ಶಾಸ್ತ್ರೀಯ ಹೆಸರಿನ ಮೊದಲ ಭಾಗ ಆಟ್ರೋಪ. ಬಾಳಿನ ನೂಲನ್ನು ಕತ್ತರಿಸುವ ಗ್ರೀಕ್ ವಿಧಿದೇವತೆ ಆಟ್ರೋಪೋಸ್‌ಳಿಂದ ಬಂದದ್ದು. ಚೆಲುವು ಮತ್ತು ಸಾವು ಎರಡೂ ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ. ಕರ್ನಾಟಕದ ಬಯಲಿನಲ್ಲಿಯೂ ಬೇಲಿಯ ಬದಿಯಲ್ಲಿಯೂ ಬೆಳೆಯುವ ಉಮ್ಮತ್ತಿ ಗಿಡ ಇದೇ ಕುಟುಂಬಕ್ಕೆ ಸೇರಿದೆ. ಉಮ್ಮತ್ತಿಯನ್ನು ಮುಟ್ಟಿದ ಕೈಯಿಂದ ಕಣ್ಣನ್ನು ಉಜ್ಜಿಕೊಂಡರೂ ಪಾಪೆ ಹಿಗ್ಗುವುದುಂಟು.

ಕಣ್ಣಿನ ಪರೀಕ್ಷೆಗೂ ಶಸ್ತ್ರಕ್ರಿಯೆಗೂ ಇಂತಹ ಸಸ್ಯರಸಗಳನ್ನು ಬಳಸುವ ಪದ್ಧತಿಯನ್ನು ೧೯ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದವರಲ್ಲಿ ಜರ್ಮನ್ ವೈದ್ಯ ಕಾರ್ಲ್ ಹಿಮ್ಲಿ ಮುಖ್ಯರು. ೧೮೧೯ರಲ್ಲಿ ಯೇನಾ ನಗರದಲ್ಲಿ ಫ್ರೀಡ್‌ಲೀಬ್ ರುಂಗೆ ಎಂಬ ಯುವ ರಸಾಯನವಿಜ್ಞಾನಿ ಬೆಕ್ಕಿನ ಕಣ್ಣಿನ ಮೇಲೆ ಬೆಲ್ಲಡೋನಾದ ಪರಿಣಾಮವನ್ನು ಕವಿ ಗಯಟೆಗೆ ತೋರಿಸಿದನು. ಸಂತೋಷಗೊಂಡ ಕವಿ ಕೊಟ್ಟ ಕಾಫಿ ಬೀಜಗಳನ್ನು ಪರೀಕ್ಷಿಸಿ ರುಂಗೆ ಕೆಫೀನ್ ಎಂಬ ವಸ್ತುವನ್ನು ಬೇರ್ಪಡಿಸಿದನು. ೧೮೩೦ರ ದಶಕದ ಆರಂಭದಲ್ಲಿ ಜರ್ಮನ್ ರಸಾಯನವಿಜ್ಞಾನಿಗಳು ಬೆಲ್ಲಡೋನಾದಿಂದ ಆಟ್ರೋಪಿನ್ನನ್ನು ಶುದ್ಧರೂಪದಲ್ಲಿ ಪಡೆದರು. ರಸದ ಸಾರ ಗಿಡದಿಂದ ಗಿಡಕ್ಕೆ ಬದಲಾಗುತ್ತಿತ್ತು. ಶುದ್ಧ ಆಟ್ರೋಪಿನ್ನನ್ನಾದರೋ ತೂಗಿ, ಅಳೆದು, ನಿಶ್ಚಿತ ಪ್ರಮಾಣದಲ್ಲಿ ಹಾಕಬಹುದಾಯಿತು. ಸುರಕ್ಷಿತ ಬಳಕೆಯ ಮೊದಲ ಮೆಟ್ಟಿಲು ಇದೇ.

ನೇತ್ರದರ್ಶಕ ಮತ್ತು ಆಟ್ರೋಪಿನ್

ಗ್ರೇಫೆ ವೃತ್ತಿಗೆ ಕಾಲಿಟ್ಟ ಸಮಯದಲ್ಲಿಯೇ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಅವರು ನೇತ್ರದರ್ಶಕವನ್ನು ರೂಪಿಸಿ ೧೮೫೧ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅದುವರೆಗೆ ಬದುಕಿರುವ ಮನುಷ್ಯನ ಕಣ್ಣಿನ ಹಿಂಭಾಗ ವೈದ್ಯರ ಪಾಲಿಗೆ ಕತ್ತಲ ಕೋಣೆಯಾಗಿತ್ತು. ಹೊರಗೆ ಯಾವ ವಿಕಾರವೂ ಕಾಣದೆ ದೃಷ್ಟಿ ಹೋದರೆ ಕಾರಣವನ್ನು ಊಹಿಸಬೇಕಾಗಿತ್ತೇ ಹೊರತು ನೋಡಲು ಸಾಧ್ಯವಿರಲಿಲ್ಲ. ಈ ಉಪಕರಣದ ಮಹತ್ವವನ್ನು ತಕ್ಷಣ ಗ್ರಹಿಸಿ, ಅದನ್ನು ತರಿಸಿಕೊಂಡು, ರೋಗಿಗಳ ಪರೀಕ್ಷೆಗೆ ಬಳಸಿದ ಮೊದಲಿಗರಲ್ಲಿ ಗ್ರೇಫೆ ಒಬ್ಬರು.

ನೇತ್ರದರ್ಶಕದ ಬೆಳಕು ಬಿದ್ದೊಡನೆ ಪಾಪೆ ಕಿರಿದಾಗುತ್ತದೆ. ಕಿರಿದಾದ ಕಿಂಡಿಯ ಮೂಲಕ ಕೋಣೆಯ ಮೂಲೆಗಳನ್ನು ನೋಡಲು ಆಗದಂತೆ, ಕಿರಿದಾದ ಪಾಪೆಯ ಮೂಲಕ ರೆಟಿನಾದ ಅಂಚುಗಳನ್ನು ನೋಡಲಾಗದು. ಆಟ್ರೋಪಿನ್ ಹನಿ ಈ ಕಿಂಡಿಯನ್ನು ತೆರೆದಿಟ್ಟಿತು. ಹೀಗೆ ಹೊಸ ಉಪಕರಣ ಮತ್ತು ಹಳೆಯ ಔಷಧಿ ಎರಡೂ ಸೇರಿ ಕಣ್ಣಿನ ಒಳಗಿನ ರೋಗಗಳನ್ನು ಹೆಸರಿಟ್ಟು ವಿಂಗಡಿಸುವ ಕಾರ್ಯಕ್ಕೆ ದಾರಿಮಾಡಿದವು.

ಆಟ್ರೋಪಿನ್ನನ್ನು ಗ್ರೇಫೆ ಪರೀಕ್ಷೆಗೆ ಮಾತ್ರ ಸೀಮಿತಗೊಳಿಸಲಿಲ್ಲ. ಐರಿಸ್‌ಗೆ ಉರಿಯೂತ ಬಂದಾಗ ಅದು ಹಿಂದಿರುವ ಮಸೂರಕ್ಕೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಪಾಪೆ ಮತ್ತೆ ಸರಿಯಾಗಿ ತೆರೆಯುವುದಿಲ್ಲ. ಕಾಲಕ್ರಮದಲ್ಲಿ ದೃಷ್ಟಿಯೂ ನಂದುವ ಸಂಭವವಿದೆ. ಉರಿಯೂತದ ಆರಂಭದಲ್ಲಿಯೇ ಆಟ್ರೋಪಿನ್ ಹಾಕಿ ಪಾಪೆಯನ್ನು ಹಿಗ್ಗಿಸಿಟ್ಟರೆ ಐರಿಸ್ ಮಸೂರದಿಂದ ದೂರ ಸರಿಯುತ್ತದೆ, ನೋವೂ ತಗ್ಗುತ್ತದೆ. ಈ ಚಿಕಿತ್ಸೆಯನ್ನು ಗ್ರೇಫೆ ತಮ್ಮ ಬೋಧನೆ ಮತ್ತು ಬರಹಗಳ ಮೂಲಕ ದೃಢವಾಗಿ ನೆಲೆಗೊಳಿಸಿದರು. ಐರಿಸ್ ಉರಿಯೂತದಲ್ಲಿ ಪಾಪೆ ಹಿಗ್ಗಿಸುವ ಹನಿ ಇಂದಿಗೂ ಚಿಕಿತ್ಸೆಯ ಒಂದು ಮುಖ್ಯ ಅಂಗವಾಗಿದೆ.

ಗ್ಲಾಕೋಮಾ ಶಸ್ತ್ರಚಿಕಿತ್ಸೆ

ಗ್ರೇಫೆಯವರಿಗೆ ಜಗತ್ತಿನಾದ್ಯಂತ ಕೀರ್ತಿ ತಂದುದು ಗ್ಲಾಕೋಮಾ ಶಸ್ತ್ರಕ್ರಿಯೆ. ಕಣ್ಣಿನೊಳಗೆ ಒಂದು ಬಗೆಯ ತಿಳಿದ್ರವ ಸದಾ ಉತ್ಪತ್ತಿಯಾಗಿ, ಪಾಪೆಯ ಮೂಲಕ ಮುಂದಕ್ಕೆ ಹರಿದು, ಐರಿಸ್ ಮತ್ತು ಕಾರ್ನಿಯಾ ಸೇರುವ ಮೂಲೆಯಲ್ಲಿ ಹೊರಹೋಗುತ್ತದೆ. ಕೆರೆಗೆ ನೀರು ಬರುತ್ತಲೇ ಇದ್ದು ತೂಬು ಮುಚ್ಚಿಹೋದರೆ ಏರಿಯ ಮೇಲೆ ಒತ್ತಡ ಹೆಚ್ಚುವಂತೆ, ಈ ಮೂಲೆ ಮುಚ್ಚಿದರೆ ಕಣ್ಣಿನ ಒಳಒತ್ತಡ ಏರುತ್ತದೆ. ಒತ್ತಡ ಹಠಾತ್ತಾಗಿ ಏರಿದಾಗ ತೀವ್ರ ನೋವು, ಕೆಂಪು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಾಣುವುದು ಮುಂತಾದ ಲಕ್ಷಣಗಳು ತೋರುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ದೃಷ್ಟಿನರ ಕೆಲವೇ ದಿನಗಳಲ್ಲಿ ಶಾಶ್ವತವಾಗಿ ಹಾನಿಗೊಳ್ಳಬಹುದು. ೧೯ನೆಯ ಶತಮಾನದ ಮಧ್ಯದವರೆಗೆ ಈ ರೋಗಕ್ಕೆ ಮದ್ದಿರಲಿಲ್ಲ. ಗ್ಲಾಕೋಮಾ ಎಂದರೆ ಕುರುಡುತನವೆಂದೇ ರೋಗಿಯೂ ವೈದ್ಯನೂ ಒಪ್ಪಿಕೊಂಡಿದ್ದರು.

ನೇತ್ರದರ್ಶಕದಿಂದ ಗ್ಲಾಕೋಮಾ ರೋಗಿಗಳ ದೃಷ್ಟಿನರದ ತುದಿಯನ್ನು ನೋಡಿದ ಗ್ರೇಫೆ ಅದು ಊದಿಕೊಂಡಿದೆಯೆಂದು ೧೮೫೪ರಲ್ಲಿ ಬರೆದರು. ವಾಸ್ತವದಲ್ಲಿ ಅದು ಉಬ್ಬಾಗಿರದೆ ತಗ್ಗಾಗಿತ್ತು. ಒಂದೇ ಕಣ್ಣಿನಿಂದ ಹೊಸ ಉಪಕರಣದಲ್ಲಿ ನೋಡುವಾಗ ಉಬ್ಬು ತಗ್ಗುಗಳ ಭೇದ ತಿಳಿಯುವುದು ಸುಲಭವಾಗಿರಲಿಲ್ಲ. ಆದರೆ ತಪ್ಪು ಅರಿವಿಗೆ ಬಂದೊಡನೆ ಅವರು ಅದನ್ನು ಬಹಿರಂಗವಾಗಿ ತಿದ್ದಿಕೊಂಡರು. ಏರಿದ ಒತ್ತಡವೇ ನರದ ತುದಿಯನ್ನು ಹಿಂದಕ್ಕೆ ತಳ್ಳಿ ಗುಳಿಯಾಗಿಸುತ್ತದೆ ಎಂಬ ತಿಳಿವಳಿಕೆ ಈ ತಿದ್ದುಪಡಿಯಿಂದ ಗಟ್ಟಿಯಾಯಿತು. ಒತ್ತಡವನ್ನು ಇಳಿಸಿದರೆ ದೃಷ್ಟಿಯನ್ನು ಉಳಿಸಬಹುದು ಎಂಬ ಆಲೋಚನೆಗೆ ಅದು ಬುನಾದಿಯಾಯಿತು.

ಐರಿಸ್‌ನ ಒಂದು ತುಣುಕನ್ನು ಕತ್ತರಿಸಿ ತೆಗೆಯುವ ಇರಿಡೆಕ್ಟಮಿ ಎಂಬ ಶಸ್ತ್ರಕ್ರಿಯೆ ಗ್ರೇಫೆಗಿಂತ ಮೊದಲೇ ಇತ್ತು. ಮುಚ್ಚಿಹೋದ ಪಾಪೆಗೆ ಬದಲಾಗಿ ಕೃತಕ ಪಾಪೆಯನ್ನು ನಿರ್ಮಿಸಲು ಅದನ್ನು ಮಾಡುತ್ತಿದ್ದರು. ಬೇರೆ ರೋಗಗಳಿಗೆಂದು ಇದನ್ನು ಮಾಡಿದ ಕಣ್ಣುಗಳಲ್ಲಿ ಒಳಒತ್ತಡ ಇಳಿಯುವುದನ್ನು ಗ್ರೇಫೆ ಗಮನಿಸಿದರು. ಅದನ್ನು ತೀವ್ರ ಗ್ಲಾಕೋಮಾ ಇರುವ ಕಣ್ಣುಗಳಲ್ಲಿ ೧೮೫೬ರ ವೇಳೆಗೆ ಪ್ರಯೋಗಿಸಿದರು. ನೋವು ನಿಂತಿತು, ಗಟ್ಟಿಯಾಗಿದ್ದ ಕಣ್ಣುಗುಡ್ಡೆ ಮೆತ್ತಗಾಯಿತು, ಸಕಾಲದಲ್ಲಿ ಬಂದವರ ದೃಷ್ಟಿ ಉಳಿಯಿತು. ೧೮೫೭ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿ, ಅದೇ ವರ್ಷ ಬ್ರಸೆಲ್ಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ನೇತ್ರವೈದ್ಯ ಸಮ್ಮೇಳನದಲ್ಲಿ ಮಂಡಿಸಿದರು.

ಈ ಚಿಕಿತ್ಸೆ ಏಕೆ ಫಲಿಸುತ್ತದೆ ಎಂಬುದು ಗ್ರೇಫೆಯವರಿಗೆ ಪೂರ್ಣವಾಗಿ ತಿಳಿದಿರಲಿಲ್ಲ. ಕಣ್ಣಿನೊಳಗೆ ದ್ರವ ಅತಿಯಾಗಿ ಸ್ರವಿಸುವುದೇ ರೋಗದ ಮೂಲವೆಂದು ಅವರು ಭಾವಿಸಿದ್ದರು. ಐರಿಸ್‌ನ ಹಿಂದೆ ತಡೆಹಿಡಿಯಲ್ಪಟ್ಟ ದ್ರವಕ್ಕೆ ಹೊಸ ರಂಧ್ರವು ಒಳದಾರಿಯಾಗುತ್ತದೆ, ಆಗ ಮುಂದಕ್ಕೆ ಬಾಗಿದ್ದ ಐರಿಸ್ ಹಿಂದೆ ಸರಿದು ಮೂಲೆ ತೆರೆಯುತ್ತದೆ ಎಂಬ ವಿವರಣೆ ಸ್ಪಷ್ಟವಾದದ್ದು ೨೦ನೆಯ ಶತಮಾನದಲ್ಲಿ. ತೀವ್ರ ಗ್ಲಾಕೋಮಾದಲ್ಲಿ ಫಲ ನೀಡಿದ ಈ ಶಸ್ತ್ರಕ್ರಿಯೆ ನಿಧಾನವಾಗಿ ಬೆಳೆಯುವ ಗ್ಲಾಕೋಮಾದಲ್ಲಿ ಅಷ್ಟು ಫಲ ನೀಡುವುದಿಲ್ಲ ಎಂಬುದನ್ನೂ ಗ್ರೇಫೆ ಮರೆಮಾಚಲಿಲ್ಲ.

ಹನಿಯ ಇನ್ನೊಂದು ಮುಖ

ಆಟ್ರೋಪಿನ್ ಬಳಕೆ ಹೆಚ್ಚಿದಂತೆ ಅದರ ಇನ್ನೊಂದು ಮುಖವೂ ಗೋಚರಿಸಿತು. ಕೆಲವರ ಕಣ್ಣಿನಲ್ಲಿ ಐರಿಸ್ ಮತ್ತು ಕಾರ್ನಿಯಾ ನಡುವಣ ಸ್ಥಳ ಹುಟ್ಟಿನಿಂದಲೇ ಇಕ್ಕಟ್ಟಾಗಿರುತ್ತದೆ. ಅಂತಹ ಕಣ್ಣಿನಲ್ಲಿ ಪಾಪೆ ಹಿಗ್ಗಿದಾಗ ಐರಿಸ್ ಮಡಿಕೆಯಾಗಿ ಮೂಲೆಗೆ ಸೇರಿ ದ್ರವದ ಹೊರದಾರಿಯನ್ನು ಮುಚ್ಚಬಹುದು. ಪಾಪೆ ಅರ್ಧ ಹಿಗ್ಗಿದ ಸ್ಥಿತಿಯಲ್ಲಿ ದ್ರವ ಮುಂದಕ್ಕೆ ಹರಿಯುವುದಕ್ಕೂ ಅಡ್ಡಿಯಾಗುತ್ತದೆ. ಗ್ಲಾಕೋಮಾಕ್ಕೆ ಒಲಿದ ಕಣ್ಣಿಗೆ ಆಟ್ರೋಪಿನ್ ಹಾಕಿದರೆ ತೀವ್ರ ಆಘಾತ ಒದಗಬಹುದೆಂದು ೧೮೬೦ರ ದಶಕದ ಕೊನೆಯ ವೇಳೆಗೆ ನೇತ್ರವೈದ್ಯರು ಗುರುತಿಸಿದ್ದರು.

ಐರಿಸ್ ಉರಿಯೂತದಲ್ಲಿಯೂ ಕಣ್ಣು ಕೆಂಪು, ನೋವು, ಮಸುಕು. ತೀವ್ರ ಗ್ಲಾಕೋಮಾದಲ್ಲಿಯೂ ಕಣ್ಣು ಕೆಂಪು, ನೋವು, ಮಸುಕು. ಮೊದಲನೆಯದಕ್ಕೆ ಆಟ್ರೋಪಿನ್ ಮದ್ದು, ಎರಡನೆಯದಕ್ಕೆ ಅದೇ ವಿಷ. ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಆ ಕಾಲದಿಂದ ನೇತ್ರವೈದ್ಯ ವಿದ್ಯಾರ್ಥಿಯ ಮೊದಲ ಪಾಠಗಳಲ್ಲಿ ಒಂದಾಯಿತು. ಉರಿಯೂತದಲ್ಲಿ ಪಾಪೆ ಸಾಮಾನ್ಯವಾಗಿ ಕಿರಿದಾಗಿರುತ್ತದೆ. ತೀವ್ರ ಗ್ಲಾಕೋಮಾದಲ್ಲಿ ಅದು ಅರೆಹಿಗ್ಗಿ ಬೆಳಕಿಗೆ ಅಲುಗದೆ ನಿಂತಿರುತ್ತದೆ ಮತ್ತು ಕಣ್ಣುಗುಡ್ಡೆ ಗಟ್ಟಿಯಾಗಿರುತ್ತದೆ. ಒಳಒತ್ತಡವನ್ನು ಅಳೆಯಲು ನಂಬಲರ್ಹವಾದ ಸಾಧನವಿಲ್ಲದ ಆ ದಿನಗಳಲ್ಲಿ ವೈದ್ಯರು ರೆಪ್ಪೆಯ ಮೇಲಿನಿಂದ ಬೆರಳಿನಿಂದ ಮೃದುವಾಗಿ ಒತ್ತಿ ಗಡಸನ್ನು ಅಂದಾಜು ಮಾಡುತ್ತಿದ್ದರು.

ಹಿಗ್ಗಿಸುವ ಔಷಧಿಗೆ ಎದುರಾದ ಔಷಧಿಯೂ ಇದೇ ಕಾಲದಲ್ಲಿ ದೊರೆಯಿತು. ಪಶ್ಚಿಮ ಆಫ್ರಿಕದ ಕ್ಯಾಲಬಾರ್ ಅವರೆ ಪಾಪೆಯನ್ನು ಕಿರಿದಾಗಿಸುತ್ತದೆಂದು ಎಡಿನ್‌ಬರೋದ ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್ ೧೮೬೩ರಲ್ಲಿ ವರದಿ ಮಾಡಿದರು. ಅದರಿಂದ ಪಡೆದ ಫೈಸೊಸ್ಟಿಗ್ಮಿನ್ನನ್ನು ಲುಡ್ವಿಗ್ ಲಾಕರ್ ೧೮೭೬ರಲ್ಲಿ ಗ್ಲಾಕೋಮಾಕ್ಕೆ ಮದ್ದಾಗಿ ಬಳಸಿದರು. ಇದನ್ನು ನೋಡಲು ಗ್ರೇಫೆ ಬದುಕಿರಲಿಲ್ಲ.

ಇತರ ಕೊಡುಗೆಗಳು

ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯಲ್ಲಿ ಅದುವರೆಗೆ ಕಾರ್ನಿಯಾದಲ್ಲಿ ದೊಡ್ಡ ಅರ್ಧಚಂದ್ರಾಕಾರದ ಸೀಳನ್ನು ಮಾಡುತ್ತಿದ್ದರು. ಗಾಯ ಕೂಡದೆ ಕೀವಾಗಿ ಅನೇಕರು ಕಣ್ಣು ಕಳೆದುಕೊಳ್ಳುತ್ತಿದ್ದರು. ಗ್ರೇಫೆ ೧೮೬೦ರ ದಶಕದ ಮಧ್ಯದಲ್ಲಿ, ತಾವೇ ರೂಪಿಸಿದ ಕಿರಿದಾದ ಅಲಗಿನ ಚಾಕುವಿನಿಂದ ಕಾರ್ನಿಯಾದ ಅಂಚಿನಲ್ಲಿ ನೇರ ಸೀಳನ್ನು ಮಾಡುವ ವಿಧಾನವನ್ನು ಪ್ರಚಾರಕ್ಕೆ ತಂದರು. ಗ್ರೇಫೆ ಚಾಕು ಎಂಬ ಹೆಸರಿನಿಂದ ಅದು ನೂರು ವರ್ಷಗಳಾಚೆಗೂ ಶಸ್ತ್ರಪೆಟ್ಟಿಗೆಯಲ್ಲಿ ಉಳಿಯಿತು. ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸುವ ಉಪಾಯ ಬಂದದ್ದು ೧೮೮೪ರಲ್ಲಿ. ಗ್ರೇಫೆಯವರ ಕಾಲದಲ್ಲಿ ಅದೂ ಇರಲಿಲ್ಲ.

ರೆಟಿನಾದ ಮುಖ್ಯ ರಕ್ತನಾಳಕ್ಕೆ ಅಡ್ಡಿಯುಂಟಾಗಿ ಹಠಾತ್ತಾಗಿ ದೃಷ್ಟಿ ಹೋಗುವ ಸ್ಥಿತಿಯನ್ನು ಅವರು ೧೮೫೯ರಲ್ಲಿ ವಿವರಿಸಿದರು. ಮಿದುಳಿನ ಗೆಡ್ಡೆಗಳಿಂದ ದೃಷ್ಟಿನರದ ತುದಿ ಊದಿಕೊಳ್ಳುವುದನ್ನು ೧೮೬೦ರಲ್ಲಿ ತೋರಿಸಿಕೊಟ್ಟರು. ಕಣ್ಣಿನ ಪರೀಕ್ಷೆ ಮಿದುಳಿನ ರೋಗದ ಸುಳಿವು ಕೊಡಬಲ್ಲದು ಎಂಬುದು ಇದರಿಂದ ಸಿದ್ಧವಾಯಿತು. ಥೈರಾಯ್ಡ್ ರೋಗದಲ್ಲಿ, ಕೆಳಗೆ ನೋಡುವಾಗ ಮೇಲ್ರೆಪ್ಪೆ ಕಣ್ಣಿನ ಜೊತೆಗೆ ಇಳಿಯದೆ ಹಿಂದುಳಿಯುವ ಲಕ್ಷಣಕ್ಕೆ ಗ್ರೇಫೆ ಚಿಹ್ನೆ ಎಂದು ಹೆಸರಿದೆ. ದೃಷ್ಟಿಕ್ಷೇತ್ರದ ಪರೀಕ್ಷೆಯನ್ನು ಆಸ್ಪತ್ರೆಯ ಬಳಕೆಗೆ ತಂದವರೂ ಮೆಳ್ಳೆಗಣ್ಣಿನ ಶಸ್ತ್ರಕ್ರಿಯೆಗೆ ಕ್ರಮಬದ್ಧತೆ ಕೊಟ್ಟವರೂ ಇವರೇ.

ಬೋಧನೆ, ಪತ್ರಿಕೆ ಮತ್ತು ಸಂಘ

೧೮೫೪ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಗ್ರೇಫೆ ನೇತ್ರವೈದ್ಯಕ್ಕೆ ಮೀಸಲಾದ ಸಂಶೋಧನಾ ಪತ್ರಿಕೆಯನ್ನು ಸ್ಥಾಪಿಸಿದರು. ಆರ್ಲ್ಟ್ ಮತ್ತು ಡಾಂಡರ್ಸ್ ಬೇಗನೆ ಸಂಪಾದಕ ಮಂಡಳಿಯನ್ನು ಸೇರಿದರು. ಆ ಪತ್ರಿಕೆ ಇಂದಿಗೂ ಗ್ರೇಫೆಯವರ ಹೆಸರನ್ನು ಹೊತ್ತು ಪ್ರಕಟವಾಗುತ್ತಿದೆ. ೧೮೫೭ರಿಂದ ಹೈಡೆಲ್‌ಬರ್ಗ್ ನಗರದಲ್ಲಿ ಅವರ ಸುತ್ತ ಸೇರತೊಡಗಿದ ಸ್ನೇಹಿತರ ಕೂಟವು ೧೮೬೩ರಲ್ಲಿ ವಿಧಿವತ್ತಾದ ನೇತ್ರವೈದ್ಯ ಸಂಘವಾಯಿತು.

ಅವರು ೧೮೫೭ರಲ್ಲಿ ಸಹ ಪ್ರಾಧ್ಯಾಪಕರಾಗಿಯೂ ೧೮೬೬ರಲ್ಲಿ ಪೂರ್ಣ ಪ್ರಾಧ್ಯಾಪಕರಾಗಿಯೂ ನೇಮಕಗೊಂಡರು. ೧೮೬೮ರಲ್ಲಿ ಬರ್ಲಿನ್‌ನ ಶಾರಿಟೇ ಆಸ್ಪತ್ರೆಯ ನೇತ್ರವಿಭಾಗದ ಹೊಣೆ ಅವರ ಪಾಲಿಗೆ ಬಂದಿತು. ಥಿಯೋಡೋರ್ ಲೇಬರ್, ಹರ್ಮನ್ ಕ್ನಾಪ್, ಯೋಹಾನ್ ಹಾರ್ನರ್, ಯೂಲಿಯಸ್ ಹಿರ್ಷ್‌ಬರ್ಗ್ ಮೊದಲಾದವರು ಅವರ ಶಿಷ್ಯರು. ಕ್ನಾಪ್ ಅಮೆರಿಕದಲ್ಲಿ, ಹಾರ್ನರ್ ಸ್ವಿಟ್ಜರ್ಲೆಂಡಿನಲ್ಲಿ ಈ ಪರಂಪರೆಯನ್ನು ಮುಂದುವರಿಸಿದರು. ಹಿರ್ಷ್‌ಬರ್ಗ್ ನೇತ್ರವೈದ್ಯದ ಬೃಹತ್ ಇತಿಹಾಸವನ್ನು ಬರೆದರು.

ವೈಯಕ್ತಿಕ ಜೀವನ ಮತ್ತು ನಿಧನ

೧೮೬೨ರಲ್ಲಿ ಗ್ರೇಫೆ ಡೆನ್ಮಾರ್ಕಿನ ಅನ್ನಾ ಕ್ನೂತ್ ಅವರನ್ನು ವಿವಾಹವಾದರು. ಅಷ್ಟರಲ್ಲಾಗಲೇ ಕ್ಷಯರೋಗ ಅವರ ಶ್ವಾಸಕೋಶವನ್ನು ಹಿಡಿದಿತ್ತು. ವಿಶ್ರಾಂತಿಗಾಗಿ ಬೆಚ್ಚನೆಯ ಪ್ರದೇಶಗಳಿಗೆ ಹೋಗುತ್ತಿದ್ದರಾದರೂ ಹಿಂದಿರುಗಿದೊಡನೆ ಆಸ್ಪತ್ರೆಯ ಕೆಲಸಕ್ಕೆ ನಿಲ್ಲುತ್ತಿದ್ದರು. ದೇಹ ಸೋಲುತ್ತಿದ್ದರೂ ಪಾಠ ಮತ್ತು ಶಸ್ತ್ರಕ್ರಿಯೆಗಳನ್ನು ಬಿಡಲಿಲ್ಲ. ಫ್ರಾನ್ಸ್ ಪ್ರಷ್ಯದ ಮೇಲೆ ಯುದ್ಧ ಸಾರಿದ ಮರುದಿನ, ೧೮೭೦ರ ಜುಲೈ ೨೦ರಂದು, ಬರ್ಲಿನ್‌ನಲ್ಲಿ ನಿಧನರಾದರು. ನಗರದ ಹಾಲೆ ದ್ವಾರದ ಬಳಿಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಪತ್ನಿ ಎರಡು ವರ್ಷಗಳ ತರುವಾಯ ತೀರಿಕೊಂಡರು.

ಪಾಪೆ ಹಿಗ್ಗಿಸುವ ಹನಿಗಳ ಇಂದಿನ ಸುರಕ್ಷಿತ ಬಳಕೆ

ಗ್ರೇಫೆಯವರ ಕಾಲದ ಆಟ್ರೋಪಿನ್‌ನ ಪರಿಣಾಮ ಒಂದರಿಂದ ಎರಡು ವಾರ ಇರುತ್ತದೆ. ಪರೀಕ್ಷೆಗೆ ಇಂದು ಹೆಚ್ಚಾಗಿ ಬಳಸುವ ಟ್ರೋಪಿಕಮೈಡ್ ಸುಮಾರು ೨೦ರಿಂದ ೩೦ ನಿಮಿಷಗಳಲ್ಲಿ ಪಾಪೆಯನ್ನು ಹಿಗ್ಗಿಸಿ, ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಸೈಕ್ಲೋಪೆಂಟೊಲೇಟ್‌ನ ಪರಿಣಾಮ ಸುಮಾರು ಒಂದು ದಿನ, ಹೋಮಾಟ್ರೋಪಿನ್‌ನದು ಒಂದರಿಂದ ಮೂರು ದಿನ ಇರುತ್ತದೆ. ಕಪ್ಪು ಅಥವಾ ಕಡು ಕಂದು ಬಣ್ಣದ ಕಣ್ಣುಗಳಲ್ಲಿ ಔಷಧಿಯು ವರ್ಣದ್ರವ್ಯಕ್ಕೆ ಅಂಟಿಕೊಳ್ಳುವುದರಿಂದ ಪಾಪೆ ಹಿಗ್ಗಲು ಹೆಚ್ಚು ಹೊತ್ತು ಬೇಕಾಗುತ್ತದೆ. ಮಧುಮೇಹದಿಂದ ರೆಟಿನಾಕ್ಕೆ ಆಗುವ ಹಾನಿಯನ್ನು ಮೊದಲೇ ಪತ್ತೆಹಚ್ಚಲು ಈ ಪರೀಕ್ಷೆ ಬಹಳ ಉಪಯುಕ್ತ. ಆದುದರಿಂದ ಭಯದಿಂದ ಇದನ್ನು ತಪ್ಪಿಸಿಕೊಳ್ಳುವುದು ಉಚಿತವಲ್ಲ.

ಹನಿ ಹಾಕುವ ಮೊದಲು ವೈದ್ಯರು ಕಣ್ಣಿನ ಮುಂಭಾಗದ ಆಳವನ್ನು ಬೆಳಕಿನಿಂದ ಪರೀಕ್ಷಿಸುತ್ತಾರೆ; ಅಗತ್ಯವಿದ್ದರೆ ಒತ್ತಡವನ್ನೂ ಅಳೆಯುತ್ತಾರೆ. ವಯಸ್ಸಾದವರು, ದೂರದೃಷ್ಟಿಗಾಗಿ ಹೆಚ್ಚು ಪ್ಲಸ್ ಪವರಿನ ಕನ್ನಡಕ ಧರಿಸುವವರು, ಮನೆತನದಲ್ಲಿ ತೀವ್ರ ಗ್ಲಾಕೋಮಾ ಇರುವವರು ಈ ವಿಷಯವನ್ನು ಮೊದಲೇ ಹೇಳಬೇಕು. ಮೂಲೆ ಮುಚ್ಚುವ ಬಗೆಯ ಗ್ಲಾಕೋಮಾ ಯುರೋಪಿಯನ್ನರಿಗಿಂತ ಏಷ್ಯಾದವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಗ್ಲಾಕೋಮಾ ಎಂಬ ಹೆಸರು ಕೇಳಿದೊಡನೆ ಹನಿಯನ್ನು ನಿಷೇ​ಧಿಸಬೇಕಾಗಿಲ್ಲ. ಮೂಲೆ ತೆರೆದಿರುವ ಬಗೆಯ ಗ್ಲಾಕೋಮಾದಲ್ಲಿ ವೈದ್ಯರು ಸಾಮಾನ್ಯವಾಗಿ ಹನಿ ಹಾಕಿಯೇ ಪರೀಕ್ಷಿಸುತ್ತಾರೆ. ಫಿನೈಲೆಫ್ರಿನ್ ಎಂಬ ಹನಿ ರಕ್ತದೊತ್ತಡವನ್ನು ಏರಿಸಬಲ್ಲುದಾದ್ದರಿಂದ ರಕ್ತದೊತ್ತಡ ಮತ್ತು ಹೃದ್ರೋಗ ಇರುವವರು ಅದನ್ನೂ ತಿಳಿಸಬೇಕು. ತಲೆಗೆ ಪೆಟ್ಟುಬಿದ್ದವರಲ್ಲಿ ಪಾಪೆಯ ಗಾತ್ರವೇ ಮಿದುಳಿನ ಸ್ಥಿತಿಯ ಸೂಚಕ. ಆದ್ದರಿಂದ ಅಂಥವರಿಗೆ ಅಗತ್ಯವಿಲ್ಲದೆ ಹನಿ ಹಾಕುವುದಿಲ್ಲ.

ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿದರೆ ಔಷಧಿ ಕಣ್ಣೀರಿನ ನಾಳದ ಮೂಲಕ ಮೂಗಿಗೆ ಇಳಿದು ರಕ್ತ ಸೇರುವುದು ತಗ್ಗುತ್ತದೆ. ಮಕ್ಕಳ ವಿಷಯದಲ್ಲಿ ಇದು ಬಹು ಮುಖ್ಯ. ಮುಖ ಕೆಂಪಾಗುವುದು, ಬಾಯಿ ಒಣಗುವುದು, ಜ್ವರ, ಎದೆಬಡಿತದ ವೇಗ, ಬಡಬಡಿಕೆ ಇವು ಆಟ್ರೋಪಿನ್ ಮೈಗೇರಿದ ಲಕ್ಷಣಗಳು. ಇವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಒಬ್ಬರಿಗೆ ಬರೆದುಕೊಟ್ಟ ಹನಿಯನ್ನು ಮತ್ತೊಬ್ಬರ ಕೆಂಗಣ್ಣಿಗೆ ಹಾಕಬಾರದು.

ಪರೀಕ್ಷೆಯ ದಿನ ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು, ದೃಷ್ಟಿ ತಿಳಿಯಾಗುವವರೆಗೆ ವಾಹನ ನಡೆಸದಿರುವುದು, ಬಿಸಿಲಿಗೆ ಕಪ್ಪು ಕನ್ನಡಕ ಧರಿಸುವುದು ಸಾಮಾನ್ಯ ಎಚ್ಚರಿಕೆಗಳು. ಬೆಳಕು ಕುಕ್ಕುವುದು, ಅಕ್ಷರ ಮಸುಕಾಗುವುದು ಸಹಜ ಪರಿಣಾಮಗಳು. ಆದರೆ ಹನಿಯ ಬಳಿಕ ಕಣ್ಣಿನಲ್ಲಿ ಅಥವಾ ತಲೆಯಲ್ಲಿ ತೀವ್ರ ನೋವು, ಕೆಂಪು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡುಬಂದರೆ ಬೆಳಗಾಗಲೆಂದು ಕಾಯಬಾರದು. ಇಂತಹ ಆಘಾತ ವಿರಳ. ಬಂದರೆ ಔಷಧಿಯಿಂದ ಒತ್ತಡವನ್ನು ಇಳಿಸಿ, ಲೇಸರ್ ಕಿರಣದಿಂದ ಐರಿಸ್‌ನಲ್ಲಿ ಸಣ್ಣ ರಂಧ್ರ ಮಾಡುತ್ತಾರೆ. ಗ್ರೇಫೆ ಚಾಕುವಿನಿಂದ ತೆರೆದ ದಾರಿಯನ್ನೇ ಇಂದಿನ ವೈದ್ಯರು ಕೆಲವೇ ನಿಮಿಷಗಳಲ್ಲಿ ಬೆಳಕಿನಿಂದ ತೆರೆಯುತ್ತಾರೆ. ಇಕ್ಕಟ್ಟಾದ ಮೂಲೆ ಮೊದಲೇ ಪತ್ತೆಯಾದರೆ, ಆಘಾತಕ್ಕೆ ಮುನ್ನವೇ ಈ ರಂಧ್ರವನ್ನು ಮಾಡುವುದೂ ಉಂಟು.

ಸ್ಮರಣೆ

ಬರ್ಲಿನ್‌ನ ಶಾರಿಟೇ ಆಸ್ಪತ್ರೆಯ ಆವರಣದ ಅಂಚಿನಲ್ಲಿ ೧೮೮೨ರಲ್ಲಿ ಗ್ರೇಫೆಯವರ ಸ್ಮಾರಕವನ್ನು ಅನಾವರಣಗೊಳಿಸಲಾಯಿತು. ಶಿಲ್ಪಿ ರುಡಾಲ್ಫ್ ಸೀಮೆರಿಂಗ್ ರಚಿಸಿದ ಈ ಪ್ರತಿಮೆಯ ಕೈಯಲ್ಲಿ ನೇತ್ರದರ್ಶಕವಿದೆ. ಪ್ರತಿಮೆಯ ಒಂದು ಬದಿಯ ಉಬ್ಬುಶಿಲ್ಪದಲ್ಲಿ ಕಣ್ಣಿನ ಬೇನೆಯಿಂದ ನರಳುತ್ತ ಬರುವವರ ಸಾಲು, ಮತ್ತೊಂದು ಬದಿಯಲ್ಲಿ ಗುಣಹೊಂದಿ ಮರಳುವವರ ಸಾಲು ಇದೆ. ಹೈಡೆಲ್‌ಬರ್ಗ್ ಸಂಘವು ಅವರ ಹೆಸರಿನಲ್ಲಿ ಪದಕವೊಂದನ್ನು ಸ್ಥಾಪಿಸಿತು. ೧೮೮೬ರಲ್ಲಿ ಆ ಪದಕವನ್ನು ಮೊದಲು ಪಡೆದವರು ನೇತ್ರದರ್ಶಕವನ್ನು ಕಂಡುಹಿಡಿದ ಹೆಲ್ಮ್‌ಹೋಲ್ಟ್ಸ್.